ಕಾಪಿಟ್ಟ ಅರ್ಧ

ವೀಬ್ಕೆಯ ಪತ್ರ ಬಂದು ಹದಿನೇಳು ದಿನವಾದರೂ ನಾನು ಉತ್ತರ ಬರೆದಿರಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬಲಾರರು. ಫಾನಿಯಾಗೆ ಬೆಳಿಗ್ಗೆ ಪತ್ರ ಬರೆದರೆ ಮಧ್ಯಾಹ್ನಕ್ಕೆ ಉತ್ತರ, ಸಂಜೆಗೆ ಬೈಗುಳ ಎಂದು ಓಹ್ರಿಡ್ ಸರೋವರದ ದಂಡೆಯ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೈಯುವುದಕ್ಕೂ ಮನೆಯಲ್ಲಿ ಯಾರಾದರೂ ಇರಬೇಕು, ನನಗಿಲ್ಲ, ಅದಕ್ಕೆ ಪತ್ರದಲ್ಲಿ ಬೈಯುತ್ತೇನೆ.

ವೀಬ್ಕೆ ಜರ್ಮನಿಯ ಹುಡುಗಿ. ಎರಡು ಬೇಸಿಗೆ ನನ್ನ ಪಕ್ಕದಲ್ಲೇ ಕೂತು ಸೂಕ್ಷ್ಮದರ್ಶಕದಲ್ಲಿ ಗಾಜುಪಾಚಿ ಎಣಿಸುವುದನ್ನು ಕಲಿತವಳು. ಡಯಾಟಮ್ ಎನ್ನುವ ಈ ಪಾಚಿ ಬರಿಗಣ್ಣಿಗೆ ಕಾಣುವುದಿಲ್ಲ. ಸತ್ತರೆ ಅದರ ಗಾಜಿನ ಚಿಪ್ಪು ಸರೋವರದ ತಳಕ್ಕೆ ಇಳಿಯುತ್ತದೆ, ಮಣ್ಣಿನ ಪದರದ ಮೇಲೆ ಪದರವಾಗಿ ಲಕ್ಷಾಂತರ ವರ್ಷ ಹಾಗೇ ಉಳಿಯುತ್ತದೆ. ಯಾವ ಜೀವಿ ಯಾವಾಗ ಹುಟ್ಟಿತು, ಯಾವುದರಿಂದ ಯಾವುದು ಒಡೆದು ಬೇರೆಯಾಯಿತು ಎಂದು ತಿಳಿಯಬೇಕಾದರೆ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಆ ಮಣ್ಣನ್ನು ಮೇಲಕ್ಕೆ ತರಬೇಕು. ಹನ್ನೊಂದು ವರ್ಷದ ಹಿಂದೆ ಹಾಗೆ ತಂದ ಮಣ್ಣಿನಲ್ಲಿ, ಮುನ್ನೂರ ಹನ್ನೆರಡು ಮೀಟರ್ ಆಳದಲ್ಲಿ, ನಾನು ಒಂದು ಹೊಸ ಜೀವಿಯನ್ನು ಕಂಡುಹಿಡಿದಿದ್ದೆ. ಈ ಸರೋವರದಲ್ಲಿ ಮಾತ್ರ ಬದುಕಿರುವ ಒಂದು ಪಾಚಿಯ ಎಂಟು ಲಕ್ಷ ವರ್ಷ ಹಳೆಯ ಪೂರ್ವಜ. ಅದಕ್ಕೆ ಸ್ಪಾಸೇಯಿ ಎಂದು ಹೆಸರಿಟ್ಟೆ. ಸ್ಪಾಸೆ ನನ್ನ ಗಂಡ.

ವೀಬ್ಕೆ ಬಹಳ ಮರ್ಯಾದೆಯಿಂದ ಬರೆದಿದ್ದಳು. ನೀವು ಮಣ್ಣು ತೆಗೆದ ಕೊರೆಬಾವಿಯಿಂದ ಹನ್ನೆರಡೇ ಮೀಟರ್ ದೂರದಲ್ಲಿ ಕೊರೆದ ಇನ್ನೊಂದು ಬಾವಿಯಲ್ಲಿ ಅದೇ ಪದರದ ನಲವತ್ತು ಮಾದರಿ ನೋಡಿದೆ, ಸ್ಪಾಸೇಯಿಯ ಒಂದು ಚಿಪ್ಪೂ ಸಿಗಲಿಲ್ಲ, ತಪ್ಪು ನನ್ನದೇ ಇರಬಹುದು, ದಯವಿಟ್ಟು ನಿಮ್ಮ ಕಾಪಿಟ್ಟ ಅರ್ಧವನ್ನು ಒಮ್ಮೆ ತೆರೆದು ನೋಡುತ್ತೀರಾ, ಎಂದು.

ಕೊಳವೆಯ ಮಣ್ಣನ್ನು ನಾವು ಉದ್ದಕ್ಕೆ ಸೀಳಿ ಎರಡು ಮಾಡುತ್ತೇವೆ. ಒಂದು ಅರ್ಧ ಕೆಲಸಕ್ಕೆ. ಬೇಕಾದವರೆಲ್ಲ ಅದರಿಂದ ಚಮಚ ಚಮಚ ತೆಗೆದು ಕೆಲವು ವರ್ಷಗಳಲ್ಲಿ ಮುಗಿಸುತ್ತಾರೆ. ಇನ್ನೊಂದು ಅರ್ಧವನ್ನು ಸುತ್ತಿ, ಗುರುತು ಹಚ್ಚಿ, ಶೀತದ ಉಗ್ರಾಣದಲ್ಲಿ ಇಡುತ್ತೇವೆ. ಅದನ್ನು ಯಾರೂ ಮುಟ್ಟಕೂಡದು. ನಮ್ಮ ಉಗ್ರಾಣದ ಬಾಗಿಲಿಗೆ ಆ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವಳು ನಾನೇ. ವೀಬ್ಕೆಗೆ ನಿಯಮ ಇದೆ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಅವಳು ಎದುರಾಡುತ್ತಿರಲಿಲ್ಲ. ಹೆಸರು ಹಾಗೇ ಉಳಿಯುತ್ತಿತ್ತು.

ಸ್ಪಾಸೆಗೆ ವಿಜ್ಞಾನದ ಗಂಧ ಇರಲಿಲ್ಲ. ಅವನು ರೊಟ್ಟಿಯವನು. ಪೇಟೆಯ ದೊಡ್ಡ ಚಿನಾರ್ ಮರದ ಹತ್ತಿರ ಅವನ ತಂದೆಯ ಕಾಲದ ಒಲೆಯಂಗಡಿ ಇತ್ತು. ಮೂವತ್ತು ವರ್ಷ ಅದರಲ್ಲಿ ಬೆಂದ. ಒಂದು ಚಳಿಗಾಲದಲ್ಲಿ ಒಲೆಯ ಕಮಾನು ಬಿರುಕು ಬಿಟ್ಟಿತು. ಅದನ್ನು ಕಟ್ಟಬಲ್ಲ ಮೇಸ್ತ್ರಿ ಯಾರೂ ಉಳಿದಿರಲಿಲ್ಲ, ಅಂಗಡಿ ಮುಚ್ಚಿತು. ಆಮೇಲೆ ಮನೆಯಲ್ಲಿ ಕಿಟಕಿಯ ಪಕ್ಕ ಕೂತುಬಿಟ್ಟ. ಗಂಡಸು ಹೀಗೆ ಬೆಳಗಿನಿಂದ ಸಂಜೆಯವರೆಗೆ ಕಿಟಕಿ ಕಾಯುವುದನ್ನು ನೋಡಿ ನನಗೆ ತಲೆ ಕೆಡುತ್ತಿತ್ತು. ಕೊರೆಯುವ ತಂಡ ಹೊರದೇಶದಿಂದ ಬಂದಾಗ ನಾನೇ ಮಾತಾಡಿ ಅವನಿಗೆ ತೆಪ್ಪದ ಮೇಲೆ ಕೆಲಸ ಕೊಡಿಸಿದೆ. ಕೊಳವೆ ಎತ್ತುವುದು, ತೊಳೆಯುವುದು, ಮುಚ್ಚಳ ಹಾಕುವುದು. ಏಪ್ರಿಲ್‌ನಿಂದ ಜೂನ್‌ವರೆಗೆ ಮೈ ಸುಟ್ಟುಕೊಂಡು, ಹಾಡಿಕೊಂಡು ಮನೆಗೆ ಬರುತ್ತಿದ್ದ. ಮಣ್ಣು ಮಾತ್ರ ಮುಟ್ಟಬೇಡ, ನಿನ್ನ ಕೈ ತಗುಲಿದರೆ ನನ್ನ ಕೆಲಸ ಕೆಡುತ್ತದೆ ಎಂದು ನಾನು ದಿನಾ ಹೇಳುತ್ತಿದ್ದೆ. ಅವನು ದಿನಾ ತಲೆ ಆಡಿಸುತ್ತಿದ್ದ.

ಅಕ್ಟೋಬರ್‌ನಲ್ಲಿ, ಕೆಂಪು ಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಅಜ್ವಾರ್ ಎಂಬ ಚಟ್ನಿ ಮಾಡುವ ದಿನ, ಅಂಗಳದ ಒಲೆಯ ಮುಂದೆ ಕೂತವನು ಕೂತಲ್ಲೇ ಹೋದ. ಹೃದಯ. ನಾನು ಒಳಗೆ ಸಿಪ್ಪೆ ಬಿಡಿಸುತ್ತಾ, ಬೆಂಕಿ ಜಾಸ್ತಿಯಾಯಿತು ನೋಡೋ ಎಂದು ಎರಡು ಸಲ ಕೂಗಿದೆ. ಮೂರನೆಯ ಸಲ ಬೈದೆ. ಅವನಿಗೆ ನಾನು ಹೇಳಿದ ಕೊನೆಯ ಮಾತು ಆ ಬೈಗುಳ. ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂಬತ್ತನೆಯ ದಿನದ ಊಟ ಮುಗಿಸಿ ಹತ್ತನೆಯ ದಿನ ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಅವನ ಬಟ್ಟೆಗಳನ್ನೆಲ್ಲ ಒಂದೇ ವಾರದಲ್ಲಿ ಕೊಟ್ಟುಬಿಟ್ಟೆ, ಚಪ್ಪಲಿಯನ್ನೂ ಬಿಡಲಿಲ್ಲ. ಆಗ ಅದು ಧೈರ್ಯ ಎಂದುಕೊಂಡಿದ್ದೆ. ಈಗ ಕಪಾಟು ತೆರೆದರೆ ನನ್ನವೇ ಮೂರು ಕೋಟು ನೇತಾಡುತ್ತವೆ, ಮಿಕ್ಕ ಜಾಗ ಹಾಗೇ ಇದೆ. ಹನ್ನೊಂದು ವರ್ಷದಿಂದ ಎರಡು ಕಪ್ ಕಾಫಿಯ ಪಾತ್ರೆಯಲ್ಲಿ ಒಂದು ಕಪ್ ಕಾಯಿಸುತ್ತಿದ್ದೇನೆ. ಚಿಕ್ಕ ಪಾತ್ರೆ ತರುವುದೇನು ಕಷ್ಟವಲ್ಲ, ತಂದಿಲ್ಲ.

ಆ ಜನವರಿಯಲ್ಲಿ ಮುನ್ನೂರ ಹನ್ನೆರಡನೆಯ ಮೀಟರಿನ ಮಾದರಿ ನೋಡುತ್ತಿದ್ದಾಗ ಆ ಚಿಪ್ಪುಗಳು ಕಂಡವು. ಹನ್ನೊಂದೇ ಹನ್ನೊಂದು. ದುಂಡಗೆ, ಅಂಚಿನಲ್ಲಿ ಕಿರಣದಂಥ ಗೆರೆ. ಈಗ ಬದುಕಿರುವ ಪಾಚಿಯದೇ ರೂಪ, ಗಾತ್ರ ಮಾತ್ರ ತುಸು ಚಿಕ್ಕದು. ಮೂರು ತಿಂಗಳಲ್ಲಿ ಮೊದಲ ಸಲ ನನಗೆ ಹಸಿವಾಯಿತು. ಇನ್ನೊಂದು ಮಾದರಿ ನೋಡಿದ್ದೀರಾ ಎಂದು ನಾನು ಪ್ರಬಂಧ ಕಳಿಸಿದ ವಿಜ್ಞಾನ ಪತ್ರಿಕೆಯವರು ಕೇಳಿದರು. ಆ ಜಾಗದ ಮಣ್ಣು ಮುಗಿದಿದೆ ಎಂದೆ. ಕೆಲಸದ ಅರ್ಧದಲ್ಲಿ ಮುಗಿದಿತ್ತು, ಸುಳ್ಳಲ್ಲ.

ಪ್ರಬಂಧ ಅಚ್ಚಾದ ಮೇಲೆ ಸ್ಪಾಸೆಯ ಸಮಾಧಿಯ ಕಲ್ಲಿನ ಮೇಲೂ ಆ ಚಿಪ್ಪನ್ನು ಕೆತ್ತಿಸಿದೆ. ಕಲ್ಲುಕುಟಿಗ ನಾನು ಕೊಟ್ಟ ಚಿತ್ರವನ್ನು ನೋಡಿ ಕಿರಣಗಳನ್ನು ನಡುವಿನವರೆಗೂ ಎಳೆದುಬಿಟ್ಟ. ಅದು ಸೈಕಲ್ ಚಕ್ರವಾಯಿತು. ವರ್ಷಕ್ಕೆ ಎರಡು ಮೂರು ಸಲ, ಸತ್ತವರ ಶನಿವಾರ, ಹೆಂಗಸರು ಬೇಯಿಸಿದ ಗೋಧಿ, ಕಡುಬು ಕಟ್ಟಿಕೊಂಡು ಸಮಾಧಿಗಳ ಹತ್ತಿರ ಸೇರುತ್ತಾರೆ, ಒಬ್ಬರಿಗೊಬ್ಬರು ಹಂಚುತ್ತಾರೆ. ಪಕ್ಕದ ಸಮಾಧಿಗೆ ಬರುವ ದೋನ್ಕಾ ಎಂಬ ಮುದುಕಿ ಪ್ರತಿ ಸಲವೂ ನಿಮ್ಮವರು ಸೈಕಲ್ ಪಂದ್ಯಕ್ಕೆ ಹೋಗುತ್ತಿದ್ದರೇ ಎಂದು ಕೇಳುತ್ತಾಳೆ. ಅಲ್ಲ, ಅದು ಪಾಚಿ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಅವಳು ಪಾಪ ಎಂದು ಗೋಧಿ ಬಡಿಸುತ್ತಾಳೆ.

ಪತ್ರ ಬಂದ ಹದಿನೇಳನೆಯ ದಿನ ಅಂಥ ಶನಿವಾರ. ನೆಲದಲ್ಲಿ ಹಿಮ ಇತ್ತು. ದೋನ್ಕಾ ಎಂದಿನಂತೆ ಗೋಧಿಯ ಬಟ್ಟಲು ಹಿಡಿದು ಬಂದಳು, ಎಂದಿನಂತೆ ಕೇಳಿದಳು.

"ಹೂಂ, ಸೈಕಲ್," ಎಂದೆ.

"ಹಂಗನ್ನಿ ಮತ್ತೆ. ಇಷ್ಟು ವರ್ಷ ಏನೋ ಪಾಚಿ ಪಾಚಿ ಅಂತಿದ್ರಿ," ಎಂದಳು ಅವಳು, ಸಮಾಧಾನವಾಗಿ. ಆಮೇಲೆ ದೇವರು ಅವನನ್ನು ಕ್ಷಮಿಸಲಿ ಎಂದು ಎಲ್ಲರೂ ಹೇಳುವ ಮಾತು ಹೇಳಿ ತನ್ನವರ ಸಮಾಧಿಯ ಕಡೆ ಹೋದಳು.

ಬಸ್ಸಿನಲ್ಲಿ ಕೂತ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ಒಂದು ಮುದುಕಿಯ ಜೊತೆ ಹಟ ಹಿಡಿದು ಉಳಿಸಿಕೊಂಡ ಮಾತನ್ನು ಯಾಕೆ ಬಿಟ್ಟುಕೊಟ್ಟೆ? ಯಾಕೆಂದರೆ ನನಗೇ ನಂಬಿಕೆ ಹೋಗಿತ್ತು. ಪತ್ರ ಓದಿದ ಮೊದಲ ದಿನವೇ ಹೋಗಿತ್ತು. ಕಾಪಿಟ್ಟ ಅರ್ಧವನ್ನು ತೆರೆಯದೆ ಇದ್ದರೆ ಹೆಸರು ಉಳಿಯುತ್ತದೆ ನಿಜ. ಆದರೆ ಇನ್ನು ಮುಂದೆ ಆ ಹೆಸರು ಓದಿದಾಗಲೆಲ್ಲ ನನಗೆ ಅನುಮಾನ ಬರುತ್ತದೆ. ಗಂಡನ ಹೆಸರಿನ ಮೇಲೆ ಅನುಮಾನ ಇಟ್ಟುಕೊಂಡು ಮುದುಕಿಯಾಗುವುದು ನನ್ನಿಂದ ಆಗದು.

ಸೋಮವಾರ ಉಗ್ರಾಣಕ್ಕೆ ಹೋದೆ. ಉಗ್ರಾಣ ಕಾಯುವ ನೆಜ್ಮಿ ಪಕ್ಕದ ಸ್ಟ್ರೂಗಾ ಊರಿನ ಕಡೆಯ ಅಲ್ಬೇನಿಯನ್, ತೆಪ್ಪದ ಮೇಲೆ ಸ್ಪಾಸೆಯ ಜೊತೆ ದುಡಿದವನು. ನನ್ನ ಬಾಯಿಗೆ ಹೆದರದ ಒಬ್ಬನೇ ಮನುಷ್ಯ.

"ಮುನ್ನೂರ ಹನ್ನೆರಡು. ಕಾಪಿಟ್ಟ ಅರ್ಧ. ಇಳಿಸು," ಎಂದೆ.

"ಬಾಗಿಲ ಮೇಲೆ ಏನೋ ದಪ್ಪಕ್ಷರದಲ್ಲಿ ಬರ್ದಿದೆ ಡಾಕ್ಟ್ರಮ್ಮ. ಓದ್ಕೊಂಡೇ ಬಂದ್ರಾ?"

"ಬರ್ದೋಳು ನಾನೇ."

"ಅದಕ್ಕೇ ಕೇಳ್ದೆ," ಎಂದು ಏಣಿ ತಂದ.

ಒಳಗೆ ಹೊರಗಿನ ಹಿಮಕ್ಕಿಂತ ಸ್ವಲ್ಪವೇ ಬೆಚ್ಚಗಿತ್ತು. ನೆಜ್ಮಿ ಕೊಳವೆಯನ್ನು ಮೇಜಿನ ಮೇಲೆ ಇಟ್ಟು ಸುತ್ತಿದ್ದ ಹಾಳೆ ಬಿಡಿಸಿದ. ಹಸಿರು ಬೂದಿ ಬಣ್ಣದ ಜೇಡಿ, ನಡುನಡುವೆ ಕಪ್ಪು ಗೆರೆ. ಸೀಳಿದ ಮೈ ನಯವಾಗಿ, ಯಾರ ಕೈಯೂ ತಾಗದೆ ಮಲಗಿತ್ತು. ನಾನು ದೀಪ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಾ ಬಂದೆ. ಕೊಳವೆಯ ಕೆಳತುದಿಯಲ್ಲಿ, ನನ್ನ ಮಾದರಿ ತೆಗೆದ ಮಟ್ಟದಲ್ಲೇ, ಒಂದು ಅರ್ಧ ಗುಳಿ ಇತ್ತು. ತುದಿಯಿಂದ ಒಳಕ್ಕೆ ಎರಡು ಬೆರಳು ಅಗಲದಷ್ಟು ಆಳ. ಇಡೀ ಗುಳಿಯಾಗಿದ್ದುದು ಕೊಳವೆ ಸೀಳಿದಾಗ ಎರಡಾಗಿತ್ತು. ಇನ್ನೊಂದು ಅರ್ಧ ನಾನು ಚಮಚದಲ್ಲಿ ತೆಗೆದುಕೊಂಡು ಹೋದ ಮಣ್ಣಿನಲ್ಲಿ ಹೋಗಿತ್ತು.

ಗುಳಿಯ ಗೋಡೆಯಲ್ಲಿ ಉಗುರಿನ ಅಚ್ಚು ಬಿದ್ದಿತ್ತು. ಉಗುರಿನ ನಡುವೆ ಉದ್ದಕ್ಕೆ ಒಂದು ಉಬ್ಬುಗೆರೆ. ಸ್ಪಾಸೆಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಒಲೆಯ ಕಬ್ಬಿಣದ ಬಾಗಿಲು ಬಲಗೈ ಹೆಬ್ಬೆರಳ ಮೇಲೆ ಬಿದ್ದಿತ್ತು. ಅಂದಿನಿಂದ ಆ ಉಗುರು ಎರಡು ಸೀಳಾಗಿಯೇ ಬೆಳೆಯುತ್ತಿತ್ತು. ಮೂವತ್ತೊಂದು ವರ್ಷ ನಾನು ಆ ಕೈ ಹಿಡಿದಿದ್ದೇನೆ, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೆಜ್ಮಿಯೂ ಬಗ್ಗಿ ನೋಡಿದ. ಅವನ ನಗು ಇಳಿಯಿತು.

"ಇಲ್ಲಿ ಒಂದು ಉಳ್ಕೊಂಡ್ಬಿಟ್ಟಿದೆಯಲ್ಲ," ಎಂದ ಮೆಲ್ಲಗೆ.

ಒಂದು ಎಂದರೇನು ಎಂದು ಕೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ. ಕೊಳವೆ ಮೇಲೆ ಬಂದ ಕೂಡಲೇ ಸ್ಪಾಸೆ ತುದಿಯ ಮಣ್ಣಿಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದನಂತೆ. ಎಷ್ಟು ಗಟ್ಟಿಯಿದೆ, ಮುಂದಕ್ಕೆ ಕೊರೆಯಲು ಯಾವ ಅಲಗು ಹಾಕಬೇಕು ಎಂದು ಹೇಳುತ್ತಿದ್ದನಂತೆ. ಮೊದಮೊದಲು ನಕ್ಕ ತಂಡದ ಜರ್ಮನರು ಆಮೇಲೆ ಯಂತ್ರದ ಲೆಕ್ಕ ನೋಡುವ ಮುಂಚೆ ಅವನ ಮುಖ ನೋಡುತ್ತಿದ್ದರಂತೆ. ಬೆರಳು ಒತ್ತಿದ ತುದಿಯನ್ನು ಕತ್ತರಿಸಿ ಎಸೆದು ಆಮೇಲೆ ಮುಚ್ಚಳ ಹಾಕುತ್ತಿದ್ದರಂತೆ. ಆ ದಿನ ಗಾಳಿ ಎದ್ದು ತೆಪ್ಪ ಹೊಯ್ದಾಡಿತು, ಅವಸರದಲ್ಲಿ ಕತ್ತರಿಸುವುದು ಮರೆತಿರಬೇಕು.

"ಬೆರಳು ಒದ್ದೆ ಮಾಡ್ಕೋತಿದ್ನಾ?" ನಾನು ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಮೂವತ್ತು ವರ್ಷ ಅಂಗಡಿಯಲ್ಲಿ ನೋಡಿದ್ದೆ. ನಾದಿಟ್ಟ ಹಿಟ್ಟಿನ ಮುಂದೆ ನಿಂತು, ಬಟ್ಟಲ ನೀರಿಗೆ ಹೆಬ್ಬೆರಳು ಅದ್ದಿ, ಹಿಟ್ಟಿಗೆ ಒತ್ತಿ, ಅದು ಮತ್ತೆ ಏಳುತ್ತದೋ ಇಲ್ಲವೋ ನೋಡುತ್ತಿದ್ದ.

"ಬಕೆಟ್ ಇರ್ತಿತ್ತಲ್ಲ ಪಕ್ಕದಲ್ಲಿ, ಬೆಳಿಗ್ಗೆ ದಂಡೇಲಿ ತುಂಬ್ಕೊಂಡ ಸರೋವರದ ನೀರು. ಅದ್ದಿ ಒತ್ತೋನು. ಒಣ ಬೆರಳಿಗೆ ಹಿಟ್ಟು ಅಂಟುತ್ತೆ ಅನ್ನೋನು. ಮಣ್ಣಿಗೂ ಹಿಟ್ಟು ಅಂತಲೇ ಅನ್ನೋನು ಡಾಕ್ಟ್ರಮ್ಮ."

"ನಂಗ್ಯಾಕೆ ಹೇಳ್ಲಿಲ್ಲ ನೀನು? ಹನ್ನೊಂದು ವರ್ಷ!"

"ಅವ್ನೇ ಬೇಡ ಅಂದಿದ್ದ. ಫಾನಿಯಾಗೆ ಗೊತ್ತಾದ್ರೆ ಬೆರಳೇ ಕತ್ತರಿಸ್ತಾಳೆ ಅಂದಿದ್ದ. ಆಮೇಲೆ ಅವನೇ ಹೋದ. ಸತ್ತೋನ ಮೇಲೆ ಚಾಡಿ ಹೇಳ್ಲಾ?"

ಸರೋವರದ ಒಂದು ಬಕೆಟ್ ನೀರಿನಲ್ಲಿ ಏಪ್ರಿಲ್ ತಿಂಗಳು ಈಗ ಬದುಕಿರುವ ಆ ಪಾಚಿ ಕೋಟಿಗಟ್ಟಲೆ ಇರುತ್ತದೆ. ಎರಡಾಗಿ ಒಡೆದಾಗಲೆಲ್ಲ ಅದರ ಚಿಪ್ಪು ಒಂದೆಳೆ ಚಿಕ್ಕದಾಗುತ್ತಾ ಹೋಗುತ್ತದೆ, ತೀರಾ ಚಿಕ್ಕದಾದ ಮೇಲೆ ಮತ್ತೆ ದೊಡ್ಡದಾಗಿ ಹುಟ್ಟುತ್ತದೆ. ಗಾತ್ರ ನೋಡಿ ಬೇರೆ ಜೀವಿ ಎನ್ನಬೇಡಿ ಎಂದು ವೀಬ್ಕೆಗೆ ನಾನೇ ಬೈದು ಕಲಿಸಿದ್ದೆ. ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹನ್ನೊಂದು ಚಿಪ್ಪು ಸಿಕ್ಕಾಗ ನಾನು ಒಂದು ಹೆಸರಿಗಾಗಿ ಹುಡುಕುತ್ತಿದ್ದೆ, ಸಿಕ್ಕಿತು, ಹಿಡಿದುಕೊಂಡೆ. ತಪ್ಪು ಸ್ಪಾಸೆಯ ಬೆರಳಿನದಲ್ಲ, ನನ್ನ ಕಣ್ಣಿನದು.

ಆದರೂ ಅದು ಊಹೆ. ಖಚಿತವಾಗಬೇಕಾದರೆ ಗುಳಿಯ ಗೋಡೆಯ ಮಣ್ಣು ಒಂದು ಮಾದರಿ, ಅದರ ಹಿಂದೆ ಒಂದು ಅಂಗುಲ ಒಳಗಿನ ಮಣ್ಣು ಇನ್ನೊಂದು ಮಾದರಿ ತೆಗೆದು ಎಣಿಸಬೇಕು. ಬೆರಳಿನ ನೀರು ಒಣಗಿ ಉಳಿದ ಪದರ ಕಾಗದಕ್ಕಿಂತ ತೆಳ್ಳಗೆ. ಸ್ವಲ್ಪ ಕೆರೆದರೆ ಎಣಿಕೆಗೆ ಸಾಲದು. ಇಡೀ ಗೋಡೆಯನ್ನು ಕೆರೆಯಬೇಕು, ಉಗುರಿನ ಅಚ್ಚು ಸಮೇತ.

ನಾನು ಚಾಕು ತೆಗೆದದ್ದನ್ನು ನೋಡಿ ನೆಜ್ಮಿಗೆ ಅರ್ಥವಾಯಿತು.

"ಬಿಡಿ ಡಾಕ್ಟ್ರಮ್ಮ. ಸುತ್ತಿ ಮೇಲಿಡ್ತೀನಿ. ಆ ಹುಡುಗಿಗೆ ನಿಯಮ ಇದೆ ಅಂತ ಬರ್ದುಬಿಡಿ. ಯಾರಿಗೂ ಏನೂ ನಷ್ಟ ಇಲ್ಲ. ಬೇಕಾದಾಗ ಬಂದು ನೋಡ್ಕೊಂಡು ಹೋಗಿ. ನಾನೇ ಬಾಗಿಲು ತೆಗೀತೀನಿ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಸುಳ್ಳೇಕೆ ಹೇಳಲಿ, ನನಗೆ ಆಸೆಯಾಯಿತು. ಪ್ರತಿ ಸೋಮವಾರ ಇಲ್ಲಿಗೆ ಬಂದು, ಹಾಳೆ ಬಿಡಿಸಿ, ಕೂತು ಹೋಗಬಹುದು. ಅವನದು ಎನ್ನುವ ಒಂದು ಚಪ್ಪಲಿಯೂ ಇಲ್ಲದ ಮನೆಯಲ್ಲಿ ಹನ್ನೊಂದು ವರ್ಷ ಕಳೆದವಳಿಗೆ ಅವನ ಬೆರಳೇ ಸಿಕ್ಕಿತ್ತು. ನಾನು ಬೇಡ ಎಂದು ದಿನಾ ಹೇಳಿದ ಜಾಗದಲ್ಲೇ ಅವನು ಅದನ್ನು ಬಿಟ್ಟು ಹೋಗಿದ್ದ. ಅಲ್ಲಿ ಕೂತು ಗಟ್ಟಿಯಾಗಿ ಅತ್ತೆ. ನೆಜ್ಮಿ ಕಪಾಟಿನ ಕಡೆ ತಿರುಗಿ ನಿಂತು, ಸರಿಯಾಗಿಯೇ ಇದ್ದ ಪೆಟ್ಟಿಗೆಗಳನ್ನು ಮತ್ತೆ ಸರಿಯಾಗಿ ಜೋಡಿಸಿದ.

ಅತ್ತು ಮುಗಿದ ಮೇಲೆ ಯೋಚನೆ ನೆಟ್ಟಗಾಯಿತು. ಈ ಬೆರಳನ್ನು ಇಟ್ಟುಕೊಂಡರೆ ಆ ಸುಳ್ಳನ್ನೂ ಇಟ್ಟುಕೊಳ್ಳಬೇಕು. ಸ್ಪಾಸೆ ಸುಳ್ಳು ಹೇಳಿದವನಲ್ಲ. ಹಿಟ್ಟು ಬಂದಿಲ್ಲವಾದರೆ ಬಂದಿಲ್ಲ ಎನ್ನುತ್ತಿದ್ದ, ಗಿರಾಕಿಗಳು ಬಾಗಿಲಲ್ಲಿ ಸಾಲುಗಟ್ಟಿದ್ದರೂ ಕಾಯಿಸುತ್ತಿದ್ದ. ಒಂದು ಫೋಟೋ ತೆಗೆಯೋಣ ಎಂದು ನೆಜ್ಮಿ ಫೋನ್ ಹಿಡಿದ. ಫೋಟೋದಲ್ಲಿ ಬೂದು ಮಣ್ಣು, ಒಂದು ನೆರಳು, ಅಷ್ಟೇ ಬಂತು. ನಾನು ಗುಳಿಯ ಆಳದಿಂದ ಶುರು ಮಾಡಿ ಹೊರಕ್ಕೆ ಕೆರೆದೆ. ಉಗುರಿನ ಜಾಗವನ್ನು ಕೊನೆಗೆ ಇಟ್ಟುಕೊಂಡೆ. ಎಲ್ಲ ಸೇರಿ ಅರ್ಧ ಚಮಚ ಆಯಿತು.

ಮಣ್ಣು ಕಾಯಿಸಿ, ತೊಳೆದು, ಗಾಜಿಗೆ ಹಚ್ಚಿ ಎಣಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಒಳಗಿನ ಮಣ್ಣಿನಲ್ಲಿ ನಾನೂರು ಚಿಪ್ಪು ಎಣಿಸಿದೆ, ಸ್ಪಾಸೇಯಿ ಒಂದೂ ಇರಲಿಲ್ಲ. ಗುಳಿಯ ಗೋಡೆಯ ಮಣ್ಣಿನಲ್ಲಿ ನಲವತ್ತಮೂರು ಇದ್ದವು. ಅವುಗಳ ಜೊತೆಗೆ ದಂಡೆಯ ನೀರಿನಲ್ಲಿ ಮಾತ್ರ, ವಸಂತದಲ್ಲಿ ಮಾತ್ರ ಬೆಳೆಯುವ ಇನ್ನೊಂದು ಪಾಚಿಯೂ ಇತ್ತು. ಎಂಟು ಲಕ್ಷ ವರ್ಷದ ಪೂರ್ವಜ ಎನ್ನುವುದು ಇರಲೇ ಇಲ್ಲ. ಇದ್ದದ್ದು ಹನ್ನೊಂದು ವರ್ಷದ ಹಿಂದಿನ ಒಂದು ಬೆಳಗಿನ ಬಕೆಟ್ ನೀರು.

ವೀಬ್ಕೆಗೆ ಅಂದೇ ಬರೆದೆ. ನೀನು ಸರಿ, ನಾನು ತಪ್ಪು, ಕೊಳವೆಯ ತುದಿಗೆ ಒದ್ದೆ ಕೈ ತಾಗಿತ್ತು, ತಿದ್ದುಪಡಿ ನಾನೇ ಅಚ್ಚು ಹಾಕಿಸುತ್ತೇನೆ, ಇನ್ನು ಮುಂದೆ ಯಾರದಾದರೂ ತಪ್ಪು ಕಂಡರೆ ಇಷ್ಟು ಮರ್ಯಾದೆಯಿಂದ ಬರೆಯಬೇಡ, ನೇರವಾಗಿ ಬರೆ, ಎಂದೆ. ನಮ್ಮ ಶಾಸ್ತ್ರದಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಪೂರ್ತಿ ಅಳಿಸುವಂತಿಲ್ಲ. ಬದುಕಿರುವ ಪಾಚಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಇದೂ ಅದೇ ಎಂದು ಸೇರಿಸುತ್ತಾರೆ. ಸ್ಪಾಸೇಯಿ ಇನ್ನು ಅಲ್ಲಿ ಇರುತ್ತದೆ. ಅದನ್ನು ಓದುವವರು ಜಗತ್ತಿನಲ್ಲಿ ಹತ್ತೋ ಹನ್ನೆರಡೋ ಜನ.

ಕಾಪಿಟ್ಟ ಅರ್ಧದಿಂದ ಮಣ್ಣು ತೆಗೆದರೆ ಅದರ ವಿವರದ ಹಾಳೆಯಲ್ಲಿ ಬರೆಯಲೇಬೇಕು. ಅದೂ ನನ್ನದೇ ನಿಯಮ. ಶುಕ್ರವಾರ ಮಧ್ಯಾಹ್ನ ನೆಜ್ಮಿ ಹಳೆಯ ಹಾಳೆಯನ್ನು ಹುಡುಕಿ ತಂದು ಮುಂದಿಟ್ಟ. ಮೇಲೆ ತಾರೀಖು ನೋಡಿದೆ. ಸ್ಪಾಸೆ ಹೋದ ಹತ್ತನೆಯ ದಿನ. ಆ ದಿನ ಈ ಕೊಳವೆಯನ್ನು ಸೀಳಿ ವಿವರ ಬರೆದವಳು ನಾನು. ತುದಿಯ ಗುಳಿ ನನಗೆ ಕಂಡಿರಲೇಬೇಕು. ಕಂಡ ನೆನಪಿಲ್ಲ. ಆ ದಿನ ಏನು ಕಂಡೆ ಎನ್ನುವ ನೆನಪೂ ಇಲ್ಲ. ಬಣ್ಣ, ಪದರ, ಗಟ್ಟಿತನ ಎಂದು ಸಾಲಾಗಿ ತುಂಬಿಸಿದ್ದೆ. ಕೊನೆಯ ಅಂಕಣ, ಮನುಷ್ಯರ ಕೈಯಿಂದಾದ ಗುರುತು. ಅದರ ಮುಂದೆ ನನ್ನ ಅಕ್ಷರದಲ್ಲೇ ಇಲ್ಲ ಎಂದಿತ್ತು.

ಅದನ್ನು ಒಂದು ಗೆರೆಯಿಂದ ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: ಇತ್ತು. ಬಲಗೈ ಹೆಬ್ಬೆರಳು. ಸ್ಪಾಸೆಯದು.

ನೆಜ್ಮಿ ಓದಿ, ಹಾಳೆಯನ್ನು ಕಡತಕ್ಕೆ ಸೇರಿಸಿದ. ನಾನು ಕೋಟು ಹಾಕಿಕೊಂಡು ಮನೆಗೆ ಹೋದೆ.